ಫೌರಾ ಪಾದ್ರಿಗೆ ಬಿರುಗಾಳಿ ಕಂಡಿತ್ತು, ತಂತಿ ಇಲ್ಲದ ಊರಿಗೆ ಸುದ್ದಿ ಮುಟ್ಟಲಿಲ್ಲ

1879ರ ನವೆಂಬರ್ 18. ಸ್ಪೇನ್ ಆಳ್ವಿಕೆಯಲ್ಲಿದ್ದ ಫಿಲಿಪ್ಪೀನ್ಸ್‌ನ ಮನಿಲಾದಲ್ಲಿ ಒಬ್ಬ ಪಾದ್ರಿ ಎಚ್ಚರಿಕೆ ಕೊಟ್ಟರು. ಟೈಫೂನ್ ಬರ್ತಿದೆ, ಈ ಸಲ ಅದು ಮನಿಲಾ ಮೇಲೇ ಹಾದುಹೋಗುತ್ತೆ ಅಂತ. ಬಂದರಿನ ಮುಖ್ಯಸ್ಥ ಯಾವ ಹಡಗೂ ಹೊರಡಬಾರದೆಂದು ಆಜ್ಞೆ ಮಾಡಿದ. ಊರಿನ ಜನ ತಮ್ಮಿಂದಾದ ಸಿದ್ಧತೆ ಮಾಡಿಕೊಂಡರು. ಎರಡು ದಿನ ಕಳೆದು ಗಾಳಿ ಬಂದೇ ಬಂತು. ಹಾನಿ ಆಯ್ತು ನಿಜ, ಆದರೆ ಹೇಳದೇ ಬಂದಿದ್ದರೆ ಆಗಬಹುದಾಗಿದ್ದಷ್ಟು ಆಗಲಿಲ್ಲ.

ಕತೆ ಇಲ್ಲಿಗೇ ಮುಗಿದಿದ್ದರೆ ಇದು ವಿಜ್ಞಾನದ ಗೆಲುವಿನ ಕತೆ ಆಗಿರ್ತಿತ್ತು. ಆದರೆ ಅದೇ ಗಾಳಿ ಲುಝೋನ್ ದ್ವೀಪದ ದಕ್ಷಿಣ ಭಾಗಕ್ಕೂ ಬಡಿಯಿತು. ಅಲ್ಲಿನ ಬಂದರುಗಳಿಗೆ ಟೆಲಿಗ್ರಾಫ್ ತಂತಿಯೇ ಇರಲಿಲ್ಲ. ಅಲ್ಲಿ 42 ಹಡಗುಗಳು ಒಡೆದುಹೋದವು, ಬಹಳ ಜನ ಸತ್ತರು. ಮನಿಲಾಗೆ ಗೊತ್ತಿದ್ದ ವಿಷಯ ಅವರಿಗೆ ಗೊತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಆ ಪಾದ್ರಿಯ ಹೆಸರು ಫೆದೆರಿಕೊ ಫೌರಾ. ಇವತ್ತು ಮನಿಲಾದಲ್ಲಿ ಅವರ ಹೆಸರಿನ ರಸ್ತೆ ಇದೆ, ಆ ದೇಶದ ಸುಪ್ರೀಂ ಕೋರ್ಟ್ ಇರುವುದು ಅದೇ ರಸ್ತೆಯಲ್ಲಿ.

ಫೌರಾ ಹುಟ್ಟಿದ್ದು 1840ರಲ್ಲಿ, ಸ್ಪೇನಿನ ಕತಲೂನ್ಯ ಪ್ರಾಂತ್ಯದ ಆರ್ತೆಸ್ ಎಂಬ ಊರಲ್ಲಿ. ಜೆಸ್ಯೂಟ್ ಸಂಘ ಸೇರಿದರು. 1866ರಲ್ಲಿ, ಇನ್ನೂ ಪಾದ್ರಿ ದೀಕ್ಷೆ ಆಗುವ ಮುಂಚೆಯೇ, ಮನಿಲಾಗೆ ಬಂದರು. ಹಿಂದಿನ ವರ್ಷವಷ್ಟೇ ಅಲ್ಲಿ ಒಂದು ಟೈಫೂನ್ ಬಡಿದಿತ್ತು. ಅದರ ಹೊತ್ತಿನಲ್ಲಿ ಅತೆನೆಓ ಶಾಲೆಯ ಜೆಸ್ಯೂಟರು ಬ್ಯಾರೋಮೀಟರ್ ನೋಡಿ ಗಂಟೆಗಂಟೆಗೆ ಲೆಕ್ಕ ಬರೆದಿಟ್ಟಿದ್ದರು. ಮನಿಲಾ ವೀಕ್ಷಣಾಲಯ ಹುಟ್ಟಿದ್ದು ಹೀಗೆ. ಶಾಲೆಯಲ್ಲಿ ಪಾಠ ಮಾಡ್ತಾ ಫೌರಾ ಈ ಕೆಲಸದ ಹೊಣೆ ಹೊತ್ತರು. 1871ರಲ್ಲಿ ಓದು ಮುಂದುವರಿಸಲು ಯುರೋಪಿಗೆ ಹೋದವರು, 1878ರಲ್ಲಿ ವಾಪಸ್ ಬಂದು ಮತ್ತೆ ಅದೇ ಉಪಕರಣಗಳ ಮುಂದೆ ಕೂತರು.

ಉಪಗ್ರಹ ಇಲ್ಲ, ರಾಡಾರ್ ಇಲ್ಲ. ಸಮುದ್ರದ ನಡುವೆ ನಿಂತು ಏನಾಗ್ತಿದೆ ಅಂತ ಹೇಳುವವರೂ ಇಲ್ಲ. ಹಾಗಾದರೆ ಗೊತ್ತಾಗ್ತಿದ್ದದ್ದು ಹೇಗೆ?

ಮೊದಲನೆಯದು ಆಕಾಶ. ತುಂಬಾ ಎತ್ತರದಲ್ಲಿ ಗರಿಯಂಥ ತೆಳು ಮೋಡಗಳು ಕಾಣಿಸ್ತವೆ. ಅವು ದಿಗಂತದ ಯಾವುದೋ ಒಂದು ಜಾಗದಿಂದ ಬೀಸಣಿಗೆಯಂತೆ ಹರಡಿಕೊಂಡಿದ್ದರೆ, ಗಾಳಿಯ ಸುಳಿ ಆ ದಿಕ್ಕಿನಲ್ಲಿದೆ ಅಂತ ಅಂದಾಜು. ಕ್ಯೂಬಾದ ಹವಾನಾದಲ್ಲಿ ಇನ್ನೊಬ್ಬ ಜೆಸ್ಯೂಟ್, ಬೆನಿತೊ ವಿನ್ಯೆಸ್, ಮೋಡಗಳನ್ನು ಹೀಗೆಯೇ ಓದಿ 1875ರಲ್ಲಿ ಎಚ್ಚರಿಕೆ ಕೊಟ್ಟಿದ್ದರು.

ಎರಡನೆಯದು ಬ್ಯಾರೋಮೀಟರ್. ಉಷ್ಣವಲಯದಲ್ಲಿ ಗಾಳಿಯ ಒತ್ತಡ ದಿನಕ್ಕೆರಡು ಸಲ ಸ್ವಲ್ಪ ಏರಿ, ಸ್ವಲ್ಪ ಇಳಿಯುತ್ತೆ, ಗಡಿಯಾರದಷ್ಟೇ ಲೆಕ್ಕಾಚಾರವಾಗಿ. ಆ ಲಯ ತಪ್ಪಿ ಪಾದರಸ ಇಳಿಯುತ್ತಲೇ ಹೋದರೆ ಎಚ್ಚರವಾಗಬೇಕು.

ಮೂರನೆಯದು ಗಾಳಿ ತಿರುಗುವ ರೀತಿ. ನಿಮ್ಮ ಊರಿಗೆ ಅದು ಏನು ಮಾಡುತ್ತೆ ಅನ್ನೋದನ್ನ ಹೇಳೋದು ಇದೇ. ಭೂಮಿಯ ಉತ್ತರಾರ್ಧದಲ್ಲಿ ಚಂಡಮಾರುತದ ಗಾಳಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತೆ. ಟೈಫೂನ್ ಪೂರ್ವದಿಂದ ಬರುವಾಗ ಮನಿಲಾದಲ್ಲಿ ಮೊದಲು ಉತ್ತರದ ಗಾಳಿ ಬೀಸುತ್ತೆ. ಅದು ಪಶ್ಚಿಮಕ್ಕೆ, ಆಮೇಲೆ ದಕ್ಷಿಣಕ್ಕೆ ತಿರುಗಿದರೆ ಸುಳಿಯ ಕೇಂದ್ರ ಊರಿನ ಉತ್ತರಕ್ಕೆ ಹೋಗ್ತಿದೆ ಎಂದರ್ಥ. ಪೂರ್ವದ ಕಡೆಯಿಂದ ತಿರುಗಿದರೆ ಕೇಂದ್ರ ದಕ್ಷಿಣಕ್ಕೆ ಹಾದುಹೋಗ್ತಿದೆ. ಗಾಳಿ ದಿಕ್ಕೇ ಬದಲಿಸದೆ ಜೋರಾಗುತ್ತಾ, ಪಾದರಸ ಇಳಿಯುತ್ತಲೇ ಇದ್ದರೆ? ಅದು ನೇರ ನಿಮ್ಮ ಮೇಲೇ ಬರ್ತಿದೆ.

1879ರ ಜುಲೈ 7ರಂದು ಫೌರಾ ತಮ್ಮ ಮೊದಲ ಟೈಫೂನ್ ಎಚ್ಚರಿಕೆ ಕೊಟ್ಟರು, ಅದು ಲುಝೋನಿನ ಉತ್ತರ ಭಾಗವನ್ನು ದಾಟುತ್ತೆ ಅಂತ. ಹಾಗೇ ಆಯ್ತು. ನವೆಂಬರಿನ ಎಚ್ಚರಿಕೆಯನ್ನು ಬಂದರು ಗಂಭೀರವಾಗಿ ತಗೊಂಡಿದ್ದು ಇದಾದ ಮೇಲೆ.

ಈಗ ರಾಜಕೀಯಕ್ಕೆ ಬರೋಣ. 1880ರಲ್ಲಿ ಹಾಂಗ್‌ಕಾಂಗ್ ಮತ್ತು ಫಿಲಿಪ್ಪೀನ್ಸ್ ನಡುವೆ ಸಮುದ್ರದಡಿ ತಂತಿ ಬಂತು. ಹಾಂಗ್‌ಕಾಂಗ್‌ನ ವ್ಯಾಪಾರಿಗಳಿಗೂ ಮನಿಲಾದ ಮುನ್ಸೂಚನೆ ಬೇಕಾಯ್ತು, ಯಾಕಂದ್ರೆ ಅವರ ಸರಕು ಇದ್ದದ್ದು ಹಡಗಿನಲ್ಲಿ. 1884ರಲ್ಲಿ ಸ್ಪೇನಿನ ರಾಜಾಜ್ಞೆ ವೀಕ್ಷಣಾಲಯವನ್ನು ಅಧಿಕೃತ ಹವಾಮಾನ ಸೇವೆ ಮಾಡಿತು, ಲುಝೋನಿನಲ್ಲಿ ಉಪಕೇಂದ್ರಗಳನ್ನು ಕೊಟ್ಟಿತು. ಶಾಲೆಯ ಮಾಸ್ತರರು ಶುರುಮಾಡಿದ ಕೆಲಸಕ್ಕೆ ಸರ್ಕಾರದ ಮುದ್ರೆ ಬೀಳೋಕೆ ಸುಮಾರು 19 ವರ್ಷ ಹಿಡಿಯಿತು. ತಂತಿ ಮೊದಲು ಹೋಗೋದು ಆಡಳಿತ ಮತ್ತು ವ್ಯಾಪಾರ ಇರುವ ಕಡೆ. ಮೀನುಗಾರರ ಊರಿಗೆ ಬರೋದು ಕೊನೆಗೆ. ಬ್ರಿಟಿಷ್ ಇಂಡಿಯಾದ ಕತೆಯೂ ಬೇರೆಯಲ್ಲ. 1864ರಲ್ಲಿ ಚಂಡಮಾರುತ ಕಲ್ಕತ್ತಾಗೆ ಬಡಿದರೂ ನಮ್ಮ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ.

ಫೌರಾಗೆ ಈ ಕೊರತೆ ತಿಳಿಯದೇ ಇರಲಿಲ್ಲ ಅನ್ನಿಸುತ್ತೆ. 1886ರಲ್ಲಿ ಅವರು ಒಂದು ಬ್ಯಾರೋಮೀಟರ್ ರೂಪಿಸಿದರು. ಪಾದರಸ ಇಲ್ಲದ, ಮುಳ್ಳು ತಿರುಗುವ ಬಗೆಯದು. ಅದರ ಮುಖದ ಮೇಲೆ ಬರೀ ಅಂಕಿ ಅಲ್ಲ, ಆ ಅಂಕಿ ಅಲ್ಲಿನ ಹವೆಗೆ ಏನು ಹೇಳುತ್ತೆ ಅನ್ನೋದೂ ಇತ್ತು. ವೀಕ್ಷಣಾಲಯದ ತಂತಿ ಬರದಿದ್ದರೂ ಹಡಗಿನವನು ತಾನೇ ನೋಡಿ ತೀರ್ಮಾನ ಮಾಡಬಹುದಿತ್ತು.

ಫೌರಾ ಅಂದಾಜು ಮಾಡಿದ ಇನ್ನೊಂದು ಬಿರುಗಾಳಿಯೂ ಇತ್ತು. 1887ರಲ್ಲಿ ಅತೆನೆಓದ ಹಳೆಯ ವಿದ್ಯಾರ್ಥಿ ಹೋಸೆ ರಿಜಾಲ್ ತಮ್ಮ ಕಾದಂಬರಿ ‘ನೋಲಿ ಮೆ ತಾಂಗೆರೆ’ ಪ್ರಕಟಿಸಿ ಯುರೋಪಿನಿಂದ ಊರಿಗೆ ಬಂದರು. ಸ್ಪೇನಿನ ಮಠಾಧಿಕಾರಿಗಳ ದಬ್ಬಾಳಿಕೆಯನ್ನು ಬಯಲಿಗೆಳೆದ ಪುಸ್ತಕ ಅದು. ರಿಜಾಲ್ ಹಳೆಯ ಶಾಲೆಗೆ ಹೋದಾಗ ಫೌರಾ ಏನು ಹೇಳಿದರೆಂದು ಅವರ ಜೀವನಚರಿತ್ರೆಕಾರರು ಬರೆದಿದ್ದಾರೆ. ಪುಸ್ತಕದಲ್ಲಿರೋದು ನಿಜವೇ, ಆದರೆ ಇದಕ್ಕೆ ನಿನ್ನ ತಲೆ ಹೋಗಬಹುದು ಅನ್ನುವ ಅರ್ಥದ ಮಾತು ಅದು. 1896ರಲ್ಲಿ ಕ್ರಾಂತಿ ಶುರುವಾಯ್ತು. ಡಿಸೆಂಬರ್ 30ರಂದು ಸ್ಪೇನ್ ರಿಜಾಲರನ್ನು ಗುಂಡಿಟ್ಟು ಕೊಂದಿತು. ಅದಕ್ಕೂ ಮೊದಲು ಜೈಲಿನ ಕೋಣೆಗೆ ಹೋಗಿ ಅವರನ್ನು ಕಂಡವರಲ್ಲಿ ಫೌರಾ ಒಬ್ಬರು. ಒಂದು ತಿಂಗಳೂ ಕಳೆದಿರಲಿಲ್ಲ, 1897ರ ಜನವರಿಯಲ್ಲಿ ಫೌರಾ ಕೂಡ ತೀರಿಕೊಂಡರು.

ಇವರನ್ನು ಹೀರೋ ಮಾಡುವ ಅಗತ್ಯ ಇಲ್ಲ. ವಸಾಹತು ಆಳ್ವಿಕೆಯ ಒಳಗೇ ಬದುಕಿದವರು, ಅದರ ವಿರುದ್ಧ ನಿಂತವರಲ್ಲ. ರಿಜಾಲರಿಗೆ ಅಪಾಯದ ಮುನ್ಸೂಚನೆ ಕೊಟ್ಟರು, ಅಪಾಯ ತಂದ ವ್ಯವಸ್ಥೆಯನ್ನು ಪ್ರಶ್ನಿಸಿದ್ದು ಮಾತ್ರ ರಿಜಾಲ್. ಮುಂಚೆಯೇ ಕಾಣೋದು ಒಂದು ಕೆಲಸ. ಕಂಡದ್ದು ಎಲ್ಲರಿಗೂ ತಲುಪುವ ಹಾಗೆ, ತಲುಪಿದವರು ಬದುಕುಳಿಯುವ ಹಾಗೆ ಮಾಡೋದು ಇನ್ನೊಂದು ಕೆಲಸ. ಎರಡನೆಯದು ವಿಜ್ಞಾನಿ ಒಬ್ಬನಿಂದ ಆಗಲ್ಲ, ಅದು ರಾಜಕೀಯ.

2013ರ ನವೆಂಬರ್ 8ರಂದು ಹೈಯಾನ್ ಟೈಫೂನ್ ಅದೇ ಫಿಲಿಪ್ಪೀನ್ಸ್‌ಗೆ ಬಡಿಯಿತು. ಈ ಸಲ ಉಪಗ್ರಹ ಇತ್ತು, ಟಿವಿ ಇತ್ತು, ಮೊಬೈಲ್ ಇತ್ತು. ದಿನಗಳ ಮುಂಚೆಯೇ ಎಚ್ಚರಿಕೆ ಹೋಗಿತ್ತು. ಆದರೂ 6,000ಕ್ಕೂ ಹೆಚ್ಚು ಜನ ಸತ್ತರು. ತಕ್ಲೋಬಾನ್ ನಗರದಲ್ಲಿ ಗಾಳಿಗಿಂತ ಹೆಚ್ಚು ಜೀವ ತೆಗೆದಿದ್ದು ಉಕ್ಕಿ ಬಂದ ಸಮುದ್ರ. ಬದುಕುಳಿದ ಎಷ್ಟೋ ಜನ ಆಮೇಲೆ ಹೇಳಿದ್ದು ಒಂದೇ ಮಾತು: ಎಚ್ಚರಿಕೆಯಲ್ಲಿ ಬಳಸಿದ ‘ಸ್ಟಾರ್ಮ್ ಸರ್ಜ್’ ಅನ್ನೋ ಇಂಗ್ಲಿಷ್ ಪದದ ಅರ್ಥ ನಮಗೆ ಗೊತ್ತಾಗಲಿಲ್ಲ, ಸುನಾಮಿಯಂಥದ್ದು ಬರುತ್ತೆ ಅಂದಿದ್ದರೆ ಓಡ್ತಿದ್ವಿ.

1879ರಲ್ಲಿ ತಂತಿ ಇರಲಿಲ್ಲ. 2013ರಲ್ಲಿ ತಂತಿ ಇತ್ತು, ಜನರ ಭಾಷೆ ಇರಲಿಲ್ಲ. ಅರಬ್ಬೀ ಸಮುದ್ರದಲ್ಲಿ ಮುಂದಿನ ಚಂಡಮಾರುತ ಎದ್ದಾಗ ನಮ್ಮ ಫೋನಿಗೂ ರೆಡ್ ಅಲರ್ಟ್ ಬರುತ್ತೆ. ಬಂದ ಮೇಲೆ ಕೇಳಬೇಕಾದ ಪ್ರಶ್ನೆ ಗಾಳಿ ಎಷ್ಟು ವೇಗದ್ದು ಅನ್ನೋದಷ್ಟೇ ಅಲ್ಲ. ಈ ಊರಿನ ಈ ಬೀದಿಗೆ ನೀರು ಎಲ್ಲಿವರೆಗೆ ಬರುತ್ತೆ, ಯಾರ ಮನೆ ಮೊದಲು ಮುಳುಗುತ್ತೆ, ಅವರಿಗೆ ಯಾರು, ಯಾವ ಮಾತಲ್ಲಿ ಹೇಳಿದ್ದಾರೆ ಅಂತಲೂ ಕೇಳಬೇಕು.