ಡಬ್ಲ್ಯೂ. ಎಚ್. ಆರ್. ರಿವರ್ಸ್

ವಿಲಿಯಂ ಹಾಲ್ಸ್ ರಿವರ್ಸ್ ರಿವರ್ಸ್ (ಮಾರ್ಚ್ 12, 1864 – ಜೂನ್ 4, 1922) ಇಂಗ್ಲೆಂಡಿನ ವೈದ್ಯರು, ಮನೋವಿಜ್ಞಾನಿ ಹಾಗೂ ಮಾನವಶಾಸ್ತ್ರಜ್ಞರು. ನೀಲಗಿರಿಯ ತೋಡರನ್ನು ಕುರಿತ ಅಧ್ಯಯನಕ್ಕಾಗಿಯೂ, ಮೊದಲನೆಯ ಮಹಾಯುದ್ಧದಲ್ಲಿ ಮಾನಸಿಕ ಆಘಾತಕ್ಕೊಳಗಾದ ಸೈನಿಕರಿಗೆ ನೀಡಿದ ಚಿಕಿತ್ಸೆಗಾಗಿಯೂ ಇವರು ಪ್ರಸಿದ್ಧರು.

ಆರಂಭಿಕ ಜೀವನ

ರಿವರ್ಸ್ ಜನಿಸಿದ್ದು ಕೆಂಟ್ ಪ್ರಾಂತದಲ್ಲಿ. ತಂದೆ ಪಾದ್ರಿ, ಉಗ್ಗುವವರಿಗೆ ಚಿಕಿತ್ಸೆ ನೀಡುತ್ತಿದ್ದರು. ಆದರೆ ಸ್ವತಃ ರಿವರ್ಸ್ ಅವರಿಗೇ ಉಗ್ಗು ಇತ್ತು. 1886ರಲ್ಲಿ ವೈದ್ಯ ಪದವಿ ಪಡೆದು, ಮುಂದೆ ಕೇಂಬ್ರಿಜ್‌ನಲ್ಲಿ ಅಧ್ಯಾಪಕರಾದರು. 1898ರಲ್ಲಿ ಟಾರೆಸ್ ಜಲಸಂಧಿಯ ಸಂಶೋಧನಾ ಯಾತ್ರೆಯಲ್ಲಿ ಭಾಗವಹಿಸಿದರು.

ನೀಲಗಿರಿಯಲ್ಲಿ

1901–02ರಲ್ಲಿ ರಿವರ್ಸ್ ನೀಲಗಿರಿಯಲ್ಲಿ ತಂಗಿ, ತೋಡರ ವಂಶಾವಳಿ, ಬಂಧುತ್ವ ಮತ್ತು ಹೈನುಗಾರಿಕೆಯ ಆಚರಣೆಗಳನ್ನು ದಾಖಲಿಸಿದರು. ಇದರ ಫಲವಾದ 'ದಿ ತೋಡಾಸ್' ಗ್ರಂಥ 1906ರಲ್ಲಿ ಪ್ರಕಟವಾಯಿತು. ಕನ್ನಡಕ್ಕೆ ನಿಕಟವಾದ ಭಾಷೆಯನ್ನಾಡುವ ಬಡಗರೊಡನೆ ತೋಡರಿಗಿದ್ದ ಸಂಬಂಧದ ವಿವರಗಳೂ ಅದರಲ್ಲಿವೆ.

ಯುದ್ಧಕಾಲದ ಚಿಕಿತ್ಸೆ

ರಿವರ್ಸ್ ಅವರ ಶಿಷ್ಯ ಚಾರ್ಲ್ಸ್ ಮೈಯರ್ಸ್ 1915ರಲ್ಲಿ 'ಶೆಲ್ ಶಾಕ್' ಎಂಬ ಹೆಸರನ್ನು ವೈದ್ಯಕೀಯ ಬರಹದಲ್ಲಿ ಬಳಸಿದರು. ಆ ಒಂದು ಹೆಸರಿನಡಿ ಹಲವು ಬೇನೆಗಳು ಅಡಗಿದ್ದವು. ಕೆಲವರಿಗೆ ದೇಹದಲ್ಲಿ ಗಾಯವಿಲ್ಲದೆಯೇ ಮಾತು ನಿಲ್ಲುತ್ತಿತ್ತು, ಕೈಕಾಲು ಸ್ವಾಧೀನ ತಪ್ಪುತ್ತಿದ್ದವು. ಇನ್ನು ಕೆಲವರನ್ನು ದುಃಸ್ವಪ್ನ, ನಿದ್ರಾಹೀನತೆ, ಆತಂಕ ಮತ್ತು ಖಿನ್ನತೆ ಕಾಡುತ್ತಿದ್ದವು. ಮೊದಲ ಬಗೆ ಸಾಮಾನ್ಯ ಸಿಪಾಯಿಗಳಲ್ಲಿ, ಎರಡನೆಯದು ಅಧಿಕಾರಿಗಳಲ್ಲಿ ಹೆಚ್ಚೆಂದು ರಿವರ್ಸ್ ಗುರುತಿಸಿದರು. ಭಯವನ್ನು ತೋರಗೊಡದಿರುವ ಶಿಕ್ಷಣವೂ ಸೈನಿಕರ ಹೊಣೆಯೂ ಅಧಿಕಾರಿಗಳ ಮೇಲೆ ಭಾರವಾಗಿದ್ದವೆಂಬುದು ಅವರ ವಿವರಣೆ.

1916ರಿಂದ ಎಡಿನ್‌ಬರೋ ಬಳಿಯ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ಅವರು ಸೇವೆ ಸಲ್ಲಿಸಿದರು. ನಡೆದುದನ್ನು ಮರೆಯಿರೆಂದು ರೋಗಿಗಳಿಗೆ ಹೇಳುವುದು ಅಂದಿನ ವಾಡಿಕೆ. ಬಲವಂತವಾಗಿ ಅದುಮಿದ ನೆನಪು ರಾತ್ರಿ ಕನಸಾಗಿ ಮರಳುತ್ತದೆಂದು ರಿವರ್ಸ್ ಕಂಡುಕೊಂಡರು. ಗೆಳೆಯನ ಛಿದ್ರಗೊಂಡ ದೇಹವನ್ನು ಕಂಡಿದ್ದ ಅಧಿಕಾರಿಯೊಬ್ಬನಿಗೆ, ಆ ಸಾವು ಯಾತನೆಯಿಲ್ಲದೆ ಕ್ಷಣಮಾತ್ರದಲ್ಲಿ ಆಗಿರಬೇಕೆಂಬುದನ್ನು ಮನಗಾಣಿಸಿದರು. ಅವನ ಕನಸುಗಳ ಸ್ವರೂಪವೇ ಬದಲಾಯಿತು. ಆದರೆ ಸಮಾಧಾನದ ಎಳೆಯೇ ಸಿಗದ ಅನುಭವಗಳೂ ಇದ್ದವು. ಅಂಥಲ್ಲಿ ತಮ್ಮ ವಿಧಾನ ಫಲಿಸಲಿಲ್ಲವೆಂದು ಅವರು ಬರೆದಿದ್ದಾರೆ.

1917ರಲ್ಲಿ ಯುದ್ಧವನ್ನು ಬಹಿರಂಗವಾಗಿ ವಿರೋಧಿಸಿದ ಕವಿ ಸೀಗ್‌ಫ್ರೀಡ್ ಸಸೂನ್ ಅವರನ್ನು ಅಲ್ಲಿಗೆ ಕಳುಹಿಸಲಾಯಿತು. ಗುಣಪಡಿಸಿದವರನ್ನು ಮತ್ತೆ ರಣರಂಗಕ್ಕೆ ಕಳುಹಿಸುವುದು ಸೈನ್ಯದ ವೈದ್ಯನ ಕರ್ತವ್ಯ. ಸಸೂನ್ ಕೂಡ ಹಿಂತಿರುಗಿದರು. ಈ ಧರ್ಮಸಂಕಟ ರಿವರ್ಸ್ ಅವರ ಕನಸುಗಳಲ್ಲೂ ಕಾಣಿಸಿಕೊಂಡಿತು. ಅವುಗಳನ್ನು ಅವರೇ ವಿಶ್ಲೇಷಿಸಿದರು.

ನಿಧನ ಮತ್ತು ಪ್ರಭಾವ

1922ರ ಸಾರ್ವತ್ರಿಕ ಚುನಾವಣೆಗೆ ಲೇಬರ್ ಪಕ್ಷದ ಅಭ್ಯರ್ಥಿಯಾಗಲು ಒಪ್ಪಿದ್ದ ರಿವರ್ಸ್, ಅದಕ್ಕೆ ಮುನ್ನವೇ ಅಂಡವಾಯು ಉಲ್ಬಣಿಸಿ ನಿಧನರಾದರು. ಕನಸುಗಳನ್ನು ಕುರಿತ ಅವರ ಗ್ರಂಥ 1923ರಲ್ಲಿ ಪ್ರಕಟವಾಯಿತು. ಆಘಾತೋತ್ತರ ಒತ್ತಡದ ಬೇನೆಗೆ ಅಮೆರಿಕದ ಮನೋವೈದ್ಯರ ಅಧಿಕೃತ ರೋಗಪಟ್ಟಿಯಲ್ಲಿ ಸ್ಥಾನ ದೊರೆತದ್ದು 1980ರಲ್ಲಿ. 1981ರಲ್ಲಿ ಬೆಂಗಳೂರಿನ ವೀನಸ್ ಸರ್ಕಸ್ ಡೇರೆ ಹೊತ್ತಿ ಉರಿದಾಗ ಬಂಧುಗಳನ್ನು ಕಳೆದುಕೊಂಡವರ ಶೋಕವನ್ನು ನಿಮ್ಹಾನ್ಸ್ ತಜ್ಞರು ಅಧ್ಯಯನ ಮಾಡಿದರು. ಆಘಾತದ ಬೇನೆ ರಣರಂಗಕ್ಕಷ್ಟೇ ಸೀಮಿತವಲ್ಲವೆಂಬ ತಿಳಿವಳಿಕೆ ಇಂದು ನೆಲೆಗೊಂಡಿದೆ.