ಉತ್ತರ ಕೊಡುವ ಮೊದಲು ಭಾಷೆ ಕಲಿತವರು

ಮಳವಳ್ಳಿಯ ಈ ಸಭೆಯಲ್ಲಿ ಕೂತಿರೋ ಯೌವನಸ್ಥರೇ, ಬೆಂಗಳೂರು ಮೈಸೂರಿನ ರೂಮುಗಳಲ್ಲಿ ಕೂತು ಆಮೇಲೆ ಇದನ್ನ ಓದೋ ಪ್ರಿಯರೇ, ಇವತ್ತು ಒಬ್ಬ ದೇವಸೇವಕರ ಜೀವಿತ ಹೇಳ್ತೀನಿ. ಅದಕ್ಕೆ ಮುಂಚೆ ನನ್ನ ಒಂದು ತಪ್ಪನ್ನ ಒಪ್ಪಿಕೊಳ್ಳಬೇಕು.

ಎರಡು ವರ್ಷದ ಹಿಂದೆ ನಮ್ಮ ಹೈಸ್ಕೂಲ್ ಸ್ನೇಹಿತರ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬ ಗೆಳೆಯ ಒಂದು ವಿಡಿಯೋ ಹಾಕಿದ. ಬೈಬಲನ್ನ ಕಾಲಕಾಲಕ್ಕೆ ತಿದ್ದಿದ್ದಾರೆ ಅಂತ ಅದರಲ್ಲಿತ್ತು. ನಾನು ರಾತ್ರಿ ಒಂದು ಗಂಟೆ ತನಕ ಉತ್ತರ ಟೈಪ್ ಮಾಡಿದೆ. ಅಷ್ಟಕ್ಕೆ ನಿಲ್ಲಿಸಲಿಲ್ಲ. ಅವನ ಮನೆದೇವರನ್ನ ಗೇಲಿ ಮಾಡೋ ಒಂದು ಕ್ಲಿಪ್ ಕೂಡ ಫಾರ್ವರ್ಡ್ ಮಾಡ್ಬಿಟ್ಟೆ. ಬೆಳಿಗ್ಗೆ ನೋಡಿದ್ರೆ ಅವನು ಗ್ರೂಪಿನಲ್ಲಿ ಇರಲಿಲ್ಲ. ವಾದ ಗೆದ್ದೆ, ಗೆಳೆಯನನ್ನ ಕಳಕೊಂಡೆ.

ಆ ದಿನಗಳಲ್ಲಿ ನಾನು ಹರ್ಮನ್ ಮೋಗ್ಲಿಂಗ್ ಅವರ ಜೀವಿತ ಓದಿದೆ. ಅವರು ಹುಟ್ಟಿದ್ದು 1811ರಲ್ಲಿ, ಜರ್ಮನಿಯಲ್ಲಿ. 1836ರಲ್ಲಿ ಬಾಸೆಲ್ ಮಿಶನ್ನಿನ ಸೇವಕರಾಗಿ ನಮ್ಮ ಕರಾವಳಿಗೆ ಬಂದರು. ಸುವಾರ್ತೆ ಸಾರೋಕೆ ಬಂದವರು ಜನರ ನಡುವೆ ಇದ್ದು ಕನ್ನಡ ಕಲಿತರು.

1841ರಲ್ಲಿ ಮಂಗಳೂರಿನಲ್ಲಿ ಮಿಶನ್ನಿನ ಕಲ್ಲಚ್ಚಿನ ಪ್ರೆಸ್ ಶುರುವಾಯಿತು. ಇವತ್ತು ನಮಗೆ ಮೊಬೈಲ್ ಹೇಗೋ, ಆ ಕಾಲಕ್ಕೆ ಅಚ್ಚು ಹಾಗೆ. ಒಬ್ಬನ ಮಾತು ಒಂದೇ ಸಲ ನೂರಾರು ಜನರ ಕೈಗೆ ಹೋಗ್ತಿತ್ತು. 1843ರ ಜುಲೈ 1ರಂದು ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನ ತಂದರು. ನಾಲ್ಕು ಪುಟ, ಹದಿನೈದು ದಿನಕ್ಕೊಂದು. ಇವತ್ತಿಗೂ ಕರ್ನಾಟಕದಲ್ಲಿ ಜುಲೈ 1 ಪತ್ರಿಕಾ ದಿನ.

ಅದರಲ್ಲಿ ಬರೀ ಪ್ರಸಂಗ ಇತ್ತು ಅಂದ್ಕೊಂಡ್ರಾ? ಇಲ್ಲ. ಊರಿನ ಸುದ್ದಿ, ಸರ್ಕಾರದ ಕಾನೂನು, ದೂರದ ರಾಜ್ಯಗಳ ವರ್ತಮಾನ, ಕಥೆ ಇವೆಲ್ಲ ಇದ್ದವು. ಆಮೇಲೆ 1848ರಿಂದ ಹಳೆಯ ಕನ್ನಡ ಕಾವ್ಯಗಳನ್ನ ಅಚ್ಚು ಹಾಕಿಸಿದರು: ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು. ಒಬ್ಬ ಮಿಶನರಿ ಪುರಂದರದಾಸರ ಪದ ಅಚ್ಚು ಮಾಡಿಸಿದ್ದು! ಈ ಸೇವೆಗಾಗಿ 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು.

ಹಾಗಾದ್ರೆ ಅವರು ನಂಬಿಕೆಯಲ್ಲಿ ರಾಜಿಯಾದ್ರಾ? ಇಲ್ಲ ಪ್ರಿಯರೇ. 1844ರಲ್ಲಿ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ತಗೊಂಡಾಗ ಮಂಗಳೂರೇ ಗದ್ದಲವೆದ್ದಿತು. ಮೋಗ್ಲಿಂಗ್ ಹಿಂದೆ ಸರಿಯಲಿಲ್ಲ. ಮುಂದೆ ಕೊಡಗಿಗೂ ಹೋಗಿ ಸೇವೆ ಮಾಡಿದರು. ಆ ಕಾಲದ ಮಿಶನರಿಗಳು ಇಲ್ಲಿನ ಪೂಜೆ ಪದ್ಧತಿಗಳ ಬಗ್ಗೆ ಕಟುವಾಗಿ ಬರೆದದ್ದೂ ಉಂಟು, ಅದನ್ನ ಮುಚ್ಚಿಡಬಾರದು. ಆದರೆ ಎದುರಿನವನು ಏನು ಹಾಡ್ತಾನೆ, ಏನು ನಂಬ್ತಾನೆ ಅಂತ ಮೋಗ್ಲಿಂಗ್ ಓದಿ ತಿಳಿದಿದ್ದರು. ನಾನೋ, ಎರಡು ನಿಮಿಷದ ಕ್ಲಿಪ್ ನೋಡಿ ಗೇಲಿ ಮಾಡಿದ್ದೆ. ಅವರು 1860ರಲ್ಲಿ ಸ್ವದೇಶಕ್ಕೆ ಮರಳಿದರು, 1881ರಲ್ಲಿ ತೀರಿಕೊಂಡರು.

ಪೇತ್ರನು ತನ್ನ ಮೊದಲನೇ ಪತ್ರಿಕೆಯ 3ನೇ ಅಧ್ಯಾಯದಲ್ಲಿ ಉತ್ತರಕ್ಕೆ ಸಿದ್ಧರಾಗಿರೋದರ ಜೊತೆಗೇ ಸಾತ್ವಿಕತ್ವವನ್ನೂ ಕೇಳ್ತಾನೆ. ನಮ್ಮಲ್ಲಿ ಉತ್ತರ ಇದೆ, ಸಾತ್ವಿಕತ್ವ ಎಲ್ಲಿ?

ಆಮೇಲೆ ನಾನು ಗೆಳೆಯನ ಮನೆಗೇ ಹೋದೆ. ಕ್ಲಿಪ್ ಹಾಕಿದ್ದು ತಪ್ಪಾಯ್ತು ಕಣೋ ಅಂದೆ. ಅವನು ಸುಮ್ಮನಿದ್ದ. ಅವರಮ್ಮ ಕಾಫಿ ಕೊಟ್ಟರು. ಮೂರನೇ ಸಲ ಹೋದಾಗ ಅವನೇ ಬೈಬಲ್ ಮಾತು ತೆಗೆದ. 1947ರಲ್ಲಿ ಕುಮ್ರಾನ್ ಗುಹೆಯಲ್ಲಿ ಸಿಕ್ಕ ಯೆಶಾಯನ ಸುರುಳಿ, ಅಲ್ಲೀವರೆಗೆ ಗೊತ್ತಿದ್ದ ಇಬ್ರಿಯ ಪ್ರತಿಗಳಿಗಿಂತ ಸುಮಾರು 1000 ವರ್ಷ ಹಳೆಯದು, ಸಣ್ಣಪುಟ್ಟ ವ್ಯತ್ಯಾಸ ಬಿಟ್ಟರೆ ಗ್ರಂಥ ಅದೇ ಇದೆ ಅಂತ ವಿವರಿಸಿದೆ. ಆಮೇಲೆ ಅವನ ಮನೆದೇವರ ಕಥೆ ಹೇಳು ಅಂದೆ. ಪೂರ್ತಿ ಕೇಳಿದೆ. ಅವನು ಇನ್ನೂ ಸಭೆಗೆ ಬಂದಿಲ್ಲ. ಆದರೆ ಈಗ ಫೋನ್ ಮಾಡಿದ್ರೆ ಎತ್ತುತ್ತಾನೆ.

ಈ ವಾರ ಯಾವುದನ್ನಾದರೂ ಫಾರ್ವರ್ಡ್ ಮಾಡೋ ಮುಂಚೆ ಕೇಳಿಕೊಳ್ಳಿ: ಇದು ನನ್ನ ಗೆಳೆಯನನ್ನ ಕರ್ತನ ಹತ್ತಿರ ತರುತ್ತಾ, ನನ್ನಿಂದಲೇ ದೂರ ಮಾಡುತ್ತಾ? ನಿಮ್ಮ ಮಾತಿನಿಂದ ದೂರವಾದ ಒಬ್ಬರ ಹೆಸರನ್ನ ಈಗ ಮನಸ್ಸಿಗೆ ತಂದುಕೊಳ್ಳಿ. ಎದ್ದು ನಿಂತು ಅವರಿಗಾಗಿ ಪ್ರಾರ್ಥಿಸೋಣ. ಆಮೆನ್.