ಚಾರಿತ್ರ ಚಕ್ರವರ್ತಿ ಆಚಾರ್ಯ ಶ್ರೀ ೧೦೮ ಶಾಂತಿಸಾಗರ ಮಹಾರಾಜರು

ದೂಧಗಂಗಾ ಮತ್ತು ವೇದಗಂಗಾ ನದಿಗಳ ಸಂಗಮದಲ್ಲಿರುವ ಭೋಜ ಗ್ರಾಮವು ಅಂದು ಚಿಕ್ಕೋಡಿ ತಾಲೂಕಿಗೆ ಸೇರಿತ್ತು. ಇಂದು ನಿಪ್ಪಾಣಿ ತಾಲೂಕಿನಲ್ಲಿದೆ. ಅಲ್ಲಿಯ ಪಾಟೀಲ ಮನೆತನದ ಭೀಮಗೌಡ ಮತ್ತು ಸತ್ಯವತಿ ದಂಪತಿಗಳಿಗೆ ೧೮೭೨ರಲ್ಲಿ ಜನಿಸಿದ ಸಾತಗೌಡರೇ ಮುಂದೆ ಆಚಾರ್ಯ ಶಾಂತಿಸಾಗರರಾದರು.

ಅಂದಿನ ರೂಢಿಯಂತೆ ಒಂಬತ್ತನೆಯ ವಯಸ್ಸಿಗೇ ಅವರಿಗೆ ವಿವಾಹವಾಯಿತು. ಕೆಲವೇ ತಿಂಗಳಲ್ಲಿ ಆ ಬಾಲಕಿ ತೀರಿಕೊಂಡಳು. ಪ್ರಾಪ್ತ ವಯಸ್ಸಿನಲ್ಲಿ ಮರುವಿವಾಹದ ಮಾತು ಬಂದಾಗ ಅವರು ಒಪ್ಪಲಿಲ್ಲ. ಮುನಿಯಾಗಬೇಕೆಂಬ ಹಂಬಲವಿದ್ದರೂ ತಂದೆಯವರ ಇಚ್ಛೆಗೆ ತಲೆಬಾಗಿ ತಾಯಿತಂದೆಗಳಿರುವವರೆಗೆ ಮನೆಯಲ್ಲಿಯೇ ಉಳಿದರು. ಅರಿವೆ ಅಂಗಡಿಯಲ್ಲಿ ಕುಳಿತಾಗ ಗಿರಾಕಿಗಳೇ ಬಟ್ಟೆ ಅಳೆದುಕೊಂಡು ವಹಿಯಲ್ಲಿ ಲೆಕ್ಕ ಬರೆಯಲೆಂದು ಬಿಟ್ಟುಬಿಡುತ್ತಿದ್ದರು. ವ್ಯವಹಾರಸ್ಥರ ದೃಷ್ಟಿಗೆ ಇದು ಜಾಣತನವೆನಿಸುವಂತಿರಲಿಲ್ಲ.

ಮಾತಾಪಿತೃಗಳ ನಿಧನಾನಂತರ, ನಲವತ್ತು ದಾಟಿದ ಮೇಲೆ, ಉತ್ತೂರಿನಲ್ಲಿ ಶ್ರೀ ದೇವೇಂದ್ರಕೀರ್ತಿ ಸ್ವಾಮಿಗಳಿಂದ ಕ್ಷುಲ್ಲಕ ದೀಕ್ಷೆ ಪಡೆದರು. ಆ ಕಾಲದಲ್ಲಿ ದಿಗಂಬರ ಮುನಿಗಳು ವಿರಳ. ಇದ್ದವರೂ ಊರೊಳಗೆ ಬರುವಾಗ ಮೈಮೇಲೆ ವಸ್ತ್ರ ಹೊದ್ದು, ಉಪಾಧ್ಯಾಯರು ಮೊದಲೇ ಗೊತ್ತುಪಡಿಸಿದ ಮನೆಯಲ್ಲಿ ಆಹಾರ ಸ್ವೀಕರಿಸುತ್ತಿದ್ದರು. ಸಮಾಜಕ್ಕೆ ಅಷ್ಟೇ ಸಾಕಾಗಿತ್ತು, ಅದರಲ್ಲಿ ದೋಷವೆಣಿಸಿದವರಿರಲಿಲ್ಲ.

ಕ್ಷುಲ್ಲಕ ಶಾಂತಿಸಾಗರರಿಗೆ ಅದು ಸಾಕೆನಿಸಲಿಲ್ಲ. ಹನ್ನೊಂದನೆಯ ಪ್ರತಿಮೆಯನ್ನು ಧರಿಸಿದವನು ತನಗಾಗಿಯೇ ಸಿದ್ಧಪಡಿಸಿದ ಅನ್ನವನ್ನು ಉಣ್ಣಲಾಗದು ಎಂಬ ಶಾಸ್ತ್ರನಿಯಮವೇ ಅವರಿಗೆ ಪ್ರಮಾಣವಾಯಿತು. ಗೊತ್ತುಪಡಿಸಿದ ಮನೆಗೆ ಹೋಗಲು ಒಪ್ಪದೆ ಚರಿಯೆಗೆ ಹೊರಟರು. ಪ್ರತಿಗ್ರಹಿಸುವ ವಿಧಿ ಶ್ರಾವಕರಿಗೆ ಮರೆತುಹೋಗಿದ್ದುದರಿಂದ ಯಾರೂ ಕರೆಯಲಿಲ್ಲ. ಕೆಲವು ದಿನ ಉಪವಾಸವೇ ಗತಿಯಾಯಿತು. ಅವರು ಯಾರನ್ನೂ ನಿಂದಿಸಲಿಲ್ಲ, ನಿಯಮವನ್ನೂ ಸಡಿಲಿಸಲಿಲ್ಲ. ಕೊನೆಗೆ ಕಳವಳಗೊಂಡ ಶ್ರಾವಕರೇ ವಿಧಿಯನ್ನು ತಿಳಿದುಕೊಂಡರು.

೧೯೨೦ರಲ್ಲಿ ಯರನಾಳದಲ್ಲಿ ನಿರ್ಗ್ರಂಥ ದೀಕ್ಷೆಯಾಯಿತು. ೧೯೨೪ರಲ್ಲಿ ಸಮಡೋಳಿಯಲ್ಲಿ ಸಂಘವು ಅವರನ್ನು ಆಚಾರ್ಯರೆಂದು ಮನ್ನಿಸಿತು. ೧೯೨೭ರಲ್ಲಿ ಸಂಘಸಮೇತ ಸಮ್ಮೇದಶಿಖರಜಿಯತ್ತ ಪಾದಯಾತ್ರೆ ಹೊರಟರು. ಶತಮಾನಗಳಿಂದ ದಿಗಂಬರ ಮುನಿಯ ವಿಹಾರವನ್ನೇ ಕಾಣದಿದ್ದ ಉತ್ತರದ ಊರುಗಳಲ್ಲಿ, ದಿಲ್ಲಿಯ ಬೀದಿಗಳಲ್ಲಿಯೂ, ಅವರು ವಸ್ತ್ರ ಹೊದೆಯದೆಯೇ ನಡೆದರು. ಧವಲಾದಿ ಸಿದ್ಧಾಂತ ಗ್ರಂಥಗಳು ತಾಮ್ರಪತ್ರಗಳ ಮೇಲೆ ಕೆತ್ತಲ್ಪಟ್ಟುದು ಅವರ ಪ್ರೇರಣೆಯಿಂದಲೇ.

ಜೀವನದ ಕೊನೆಯಲ್ಲಿ ಕಣ್ಣಿನ ದೃಷ್ಟಿ ಕುಂದಿತು. ನೆಲದ ಮೇಲಿನ ಸಣ್ಣ ಜೀವಿ ಕಾಣದಿದ್ದರೆ ಈರ್ಯಾಸಮಿತಿ ನಡೆಯದು, ಆಹಾರದ ಶೋಧನೆಯೂ ಆಗದು. ಕಾಣದ ಕಣ್ಣಿನವರನ್ನು ಕೈಹಿಡಿದು ನಡೆಸಲು ಸಾವಿರಾರು ಭಕ್ತರು ಸಿದ್ಧರಿದ್ದರು. ಅವರಿಗೆ ಗುರುಗಳು ಇನ್ನಷ್ಟು ಕಾಲ ಬೇಕಾಗಿದ್ದರು. ಆದರೆ ಮಹಾವ್ರತಕ್ಕೆ ಊನವಾಗುವ ಬದುಕು ಆಚಾರ್ಯರಿಗೆ ಬೇಕಾಗಲಿಲ್ಲ. ಕುಂಥಲಗಿರಿಯಲ್ಲಿ ಸಲ್ಲೇಖನ ಸ್ವೀಕರಿಸಿ, ಆಚಾರ್ಯ ಪದವಿಯನ್ನು ಶಿಷ್ಯರಾದ ವೀರಸಾಗರರಿಗೆ ಒಪ್ಪಿಸಿ, ಮೂವತ್ತಾರನೆಯ ದಿನ, ೧೯೫೫ರ ಸೆಪ್ಟೆಂಬರ್ ೧೮ರಂದು ಸಮಾಧಿಸ್ಥರಾದರು.

ಇಂದು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಊರುಗಳಲ್ಲಿ ಮುನಿಗಳು ಚರಿಯೆಗೆ ಹೊರಟಾಗ ಶ್ರಾವಕ ಶ್ರಾವಿಕೆಯರು ಕಲಶ ಹಿಡಿದು ತಂತಮ್ಮ ಬಾಗಿಲಲ್ಲಿ ನಿಲ್ಲುತ್ತಾರೆ. ಮುನಿಗಳು ಯಾರ ಮನೆಯ ಮುಂದೆ ನಿಲ್ಲುವರೆಂದು ಯಾರಿಗೂ ತಿಳಿದಿರುವುದಿಲ್ಲ. ಮರೆತುಹೋಗಿದ್ದ ಈ ವಿಧಿಯು ಮನೆಮನೆಗೆ ಮರಳಿದುದರ ಹಿಂದೆ ಭೋಜ ಗ್ರಾಮದ ಸಾತಗೌಡರು ಹಸಿದು ಕಳೆದ ಆ ದಿನಗಳಿವೆ.